ಅಕ್ಕಿ ಮುಡಿಯ ಮೇಲೆ ತಿರುಗಿದ ಪ್ಲೇಟುಗಳು

ಪ್ಲೇಟು ಹಾರುವುದು ಎಂದರೆ ಏನೆಂದು ಈಗಿನವರಿಗೆ ಬಿಡಿಸಿ ಹೇಳಬೇಕಾಗುತ್ತದೆ. ಆಗ ಹಾಡುಗಳು ಕಪ್ಪು ತಟ್ಟೆಯಂಥ ಪ್ಲೇಟುಗಳಲ್ಲಿ ಬರುತ್ತಿದ್ದವು. ಪ್ಲೇಟಿನ ಮೇಲೆ ಕೂದಲೆಳೆಯಷ್ಟು ಸಪೂರದ ಗೆರೆ. ಗ್ರಾಮಫೋನ್ ಪೆಟ್ಟಿಗೆಯ ಮುಳ್ಳು ಆ ಗೆರೆಯಲ್ಲೇ ಹೋಗಬೇಕು. ಹತ್ತಿರದಲ್ಲಿ ಯಾರಾದರೂ ಜೋರಾಗಿ ಕಾಲಿಟ್ಟರೆ, ಮೇಜು ಒಂದು ಕಡೆಗೆ ವಾಲಿದರೆ, ಮುಳ್ಳು ಗೆರೆ ಬಿಟ್ಟು ಹಾರುತ್ತಿತ್ತು. ಕೆಲವು ಸಲ ಅದೇ ಜಾಗಕ್ಕೆ ತಿರುಗಿ ಬಂದು ಒಂದೇ ಮಾತನ್ನು ಹೇಳುತ್ತಾ ಕೂರುತ್ತಿತ್ತು. ಚಪ್ಪರದಲ್ಲಿ ಮಕ್ಕಳು ನಗುತ್ತಿದ್ದರು. ಹಿರಿಯರು ನಗುತ್ತಿರಲಿಲ್ಲ. ಮದುವೆಯ ದಿನ ಹಾಡು ಸಿಕ್ಕಿಕೊಂಡರೆ ಒಳ್ಳೆಯದಲ್ಲ ಎಂದು ಅವರಿಗೆ ಅನಿಸುತ್ತಿತ್ತು.

ನನ್ನ ಗಂಡ ಪುತ್ತೂರಿನಲ್ಲಿ ಮೈಕ್ ಸೆಟ್ ಇಟ್ಟುಕೊಂಡಿದ್ದರು. ಕೀ ಕೊಟ್ಟು ತಿರುಗಿಸುವ ಎರಡು ಪೆಟ್ಟಿಗೆ, ಕಾರಿನ ಬ್ಯಾಟರಿ, ಎರಡು ಹಾರ್ನು. ಒಂದು ಪ್ಲೇಟು ಮುಗಿಯುವ ಹೊತ್ತಿಗೆ ಪಕ್ಕದ ಪೆಟ್ಟಿಗೆಯಲ್ಲಿ ಇನ್ನೊಂದು ಶುರುವಾಗಬೇಕು ಎಂದು ಎರಡು ಪೆಟ್ಟಿಗೆ ಮಾಡಿಕೊಂಡಿದ್ದರು. ನಡುವೆ ಹಾಡು ನಿಂತರೆ ಜನ ಮಾತಿಗೆ ತೊಡಗುತ್ತಾರೆ, ಆಮೇಲೆ ಹಾಡು ಯಾರಿಗೂ ಬೇಡ ಎನ್ನುತ್ತಿದ್ದರು. ಹೋಗುವ ಮುಂಚೆ ಪ್ಲೇಟುಗಳನ್ನು ಒರೆಸುವುದು, ಬಿಸಿಲಿಗೆ ಬಾಗಿದ್ದನ್ನು ಬೇರೆ ಇಡುವುದು, ಮೊಂಡಾದ ಮುಳ್ಳು ತೆಗೆಯುವುದು ನನ್ನ ಕೆಲಸ. ಗಿಂಡಿಯಲ್ಲಿ ನೀರು ಇಟ್ಟು, ನೀರು ಯಾವ ಕಡೆಗೆ ಏರಿದೆ ನೋಡಿ ಪೆಟ್ಟಿಗೆಯನ್ನು ಸಮ ಮಾಡುವುದೂ ನನಗೆ ಬರುತ್ತಿತ್ತು. ಆದರೆ ಅದೆಲ್ಲ ಮನೆಯ ಗಟ್ಟಿ ನೆಲದಲ್ಲಿ. ಚಪ್ಪರದ ಕೆಲಸವನ್ನು ನಾನು ಕಂಡವಳಲ್ಲ.

ಅಡಿಕೆ ಕೊಯ್ಲಿನ ಹೊತ್ತಿಗೆ ಅವರಿಗೆ ಜ್ವರ ಬಂತು. ಬಿಟ್ಟಿತು, ಮತ್ತೆ ಬಂತು. ಆಮೇಲೆ ಬಿಡಲಿಲ್ಲ. ತೀರಿಕೊಂಡವರಿಗೆ ಮಾಡುವ ಬೊಜ್ಜದ ಊಟ ಮುಗಿದು ನೆಂಟರೆಲ್ಲ ಹೋದ ಮೇಲೆ ನಾನು ಪ್ಲೇಟುಗಳನ್ನು ಒರೆಸಿ ಇಟ್ಟೆ. ಒರೆಸುವ ದಿನವಾಗಿತ್ತು, ಒರೆಸಿದೆ. ಅಷ್ಟು ಬಿಟ್ಟರೆ ಆ ದಿನಗಳದ್ದು ಹೆಚ್ಚೇನೂ ನೆನಪಿಲ್ಲ.

ಅವರ ಅಣ್ಣ, ನನ್ನ ಭಾವ, ಒಂದು ದಿನ ಬಂದು ಜಗಲಿಯಲ್ಲಿ ಕೂತರು. ಸುಳ್ಯದಲ್ಲಿ ಒಬ್ಬರು ಸೆಟ್ ಬೇಕೆಂದು ಕೇಳಿದ್ದಾರೆ, ಕೊಟ್ಟುಬಿಡುವ ಎಂದರು. ಕೆಟ್ಟ ಮನುಷ್ಯ ಅಲ್ಲ ಅವರು. ತಮ್ಮನ ಹೆಂಡತಿ ತನ್ನ ಮನೆಗೆ ಬಂದು ಉಂಡುಕೊಂಡಿರಲಿ ಎಂಬುದು ಅವರ ಲೆಕ್ಕ. ನಾನು ಕೊಡುವುದಿಲ್ಲ ಎಂದೆ.

“ಕೊಡದೆ ಎಂತ ಮಾಡುದು? ಹಾರ್ನು ಹೊತ್ತುಕೊಂಡು ನೀನು ಊರೂರು ಹೋಗುದಾ?”

ಬೆಟ್ಟಂಪಾಡಿಯ ಒಂದು ಮದುವೆಯನ್ನು ನನ್ನ ಗಂಡ ಮೊದಲೇ ಒಪ್ಪಿಕೊಂಡಿದ್ದರು, ಅದನ್ನು ಮಾಡುತ್ತೇನೆ ಎಂದೆ. ಭಾವ ಆ ಮದುವೆಗೆ ತಾನೂ ಹೋಗುವವನೇ, ಚಪ್ಪರದಲ್ಲಿ ಕೂತು ಕೇಳುತ್ತೇನೆ ಎಂದರು. ಪ್ಲೇಟು ಹಾರದಿದ್ದರೆ ಸೆಟ್ ನಿನ್ನದು, ಹಾರಿದರೆ ಸುಳ್ಯದವರಿಗೆ. ನಾನು ಆಗಲಿ ಎಂದೆ. ಸೆಟ್ ಇದ್ದರೆ ನಾನು ಈ ಮನೆಯಲ್ಲೇ ಇರಬಹುದು, ಇಲ್ಲದಿದ್ದರೆ ಭಾವನ ಮನೆಗೆ ಹೋಗಬೇಕು. ನನಗೆ ಗೊತ್ತಿದ್ದದ್ದು ಅಷ್ಟೇ.

ಹಾರ್ನು ಕಟ್ಟಲು ಮತ್ತು ವಯರು ಎಳೆಯಲು ನನ್ನ ಗಂಡನ ಜೊತೆ ಒಬ್ಬರು ಬ್ಯಾರಿ, ನಮ್ಮ ಕಡೆಯ ಮುಸಲ್ಮಾನರು, ಬರುತ್ತಿದ್ದರು. ಮರ ಹತ್ತುವುದರಲ್ಲಿ ಅವರ ಸಮ ಯಾರೂ ಇಲ್ಲ. ನಾನು ಕರೆಯದಿದ್ದರೂ ಅವರು ಮದುವೆಯ ಹಿಂದಿನ ದಿನ ಬಂದರು. ಬಸ್ಸಿನ ಮೇಲೆ ಸಾಮಾನು ಹಾಕಿಸಿ, ಪ್ಲೇಟಿನ ಪೆಟ್ಟಿಗೆಯನ್ನು ನನ್ನ ಮಡಿಲಲ್ಲಿ ಇಟ್ಟರು. ದಾರಿಯಲ್ಲಿ ನನ್ನ ಗಂಡನ ವಿಷಯ ಎತ್ತಲಿಲ್ಲ. ಅದು ನನಗೆ ಒಳ್ಳೆಯದಾಯಿತು.

ಮದುವೆ ಮನೆಯ ಅಂಗಳದಲ್ಲಿ ಚಪ್ಪರ ಎದ್ದಿತ್ತು. ಧಾರೆಮಂಟಪದ ಪಕ್ಕದಲ್ಲಿ ಮೈಕಿನವರಿಗೆಂದು ಮೇಜು ಇಟ್ಟಿದ್ದರು. ನಾನು ಚಪ್ಪರದ ಕಂಬದ ಹತ್ತಿರ ಬರುತ್ತಿದ್ದ ಹಾಗೆ ಮನೆಯ ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. ಗಂಡ ಸತ್ತವಳು ಧಾರೆಯ ಹೊತ್ತಿಗೆ ಚಪ್ಪರದಲ್ಲಿ ಇರಬಾರದು. ಅದು ನನಗೂ ಗೊತ್ತು. ಗೊತ್ತಿದ್ದೂ ಪೆಟ್ಟಿಗೆ, ಮುಳ್ಳು, ಬ್ಯಾಟರಿ ಎಂದು ಎಲ್ಲ ಯೋಚಿಸಿದವಳು ಇದೊಂದನ್ನು ಯೋಚಿಸಿರಲಿಲ್ಲ. ನಾನು ಇನ್ನೂ ಮುಂಚಿನವಳೇ ಎಂಬ ಹಾಗೆ ಹೊರಟು ಬಂದಿದ್ದೆ.

ಮದುಮಗಳ ಅಜ್ಜಿ ಒಳಗಿನಿಂದ ಬಂದರು. ಬಿಳಿ ಸೀರೆ, ಬರಿ ಕೈ. ನನ್ನನ್ನು ಕರೆದುಕೊಂಡು ಮನೆಯ ಹಿಂದೆ ಹೋದರು. ಅಲ್ಲಿ ಅಡಿಕೆ ಸುಲಿಯುವ ಕೊಟ್ಟಿಗೆ ಇತ್ತು.

“ಬೇಜಾರು ಮಾಡ್ಬೇಡ ಮಗಾ,” ಎಂದರು. “ನಾಳೆ ನಾನೂ ಚಪ್ಪರಕ್ಕೆ ಹೋಗುದಿಲ್ಲ. ನನಗೂ ಇಲ್ಲೇ ಜಾಗ.”

ನನಗೆ ಬೇಜಾರಾಗಿರಲಿಲ್ಲ. ಹಾಗೆ ಹೇಳಿದರೆ ಅವರಿಗೆ ಬೇಜಾರಾದೀತು ಎಂದು ಪ್ಲೇಟಿನ ಪೆಟ್ಟಿಗೆಯನ್ನು ಒಳಗೆ ತಂದು ಇಟ್ಟೆ. ಬ್ಯಾರಿ ಹೊರಗೆ ನಿಂತು ವಯರು ಸಾಕಾಗುತ್ತದೋ ಎಂದು ಮಾರಿನಲ್ಲಿ ಅಳೆದರು. ಬಾವಿಯ ಕಡೆಯಿಂದ ಸುತ್ತಿ ತಂದರೆ ಮುಟ್ಟುತ್ತದೆ ಎಂದರು.

ಕೊಟ್ಟಿಗೆಯ ನೆಲ ಏರುತಗ್ಗು. ಒಂದು ಮೂಲೆಯಲ್ಲಿ ಸುಲಿಯದ ಅಡಿಕೆಯ ಗೋಣಿಗಳಿದ್ದವು. ಭಾರದ ಗೋಣಿ, ಅಲುಗಾಡಲಿಕ್ಕಿಲ್ಲ ಎಂದುಕೊಂಡು ಅದರ ಮೇಲೆ ಹಲಗೆ ಹಾಸಿ ಎರಡೂ ಪೆಟ್ಟಿಗೆ ಇಟ್ಟೆ. ಗಿಂಡಿಯ ನೀರು ಸಮ ತೋರಿಸಿತು. ಕೀ ಕೊಟ್ಟು ಮುಳ್ಳು ಇಟ್ಟರೆ ಹಾಡು ಸ್ವಲ್ಪ ದೂರ ಹೋಗಿ ಹಾರಿತು. ಮತ್ತೆ ನೋಡಿದರೆ ಗಿಂಡಿಯ ನೀರು ಓರೆಯಾಗಿತ್ತು. ಉರುಟು ಅಡಿಕೆ, ಭಾರ ಬಿದ್ದಾಗ ಗೋಣಿಯೊಳಗೇ ಒಂದೊಂದಾಗಿ ಜಾರುತ್ತದೆ. ಅಡಿಕೆಯ ನಡುವೆ ಹುಟ್ಟಿ ಬೆಳೆದವಳಿಗೆ ಇದು ಮೊದಲೇ ತಿಳಿಯಬೇಕಿತ್ತು.

ಗೋಣಿ ಸರಿಸಿ, ಚಪ್ಪರದ ಮೇಜು ತರಿಸಿ ನೆಲದ ಮೇಲೆ ಇಟ್ಟೆ. ಕಾಲುಗಳ ಅಡಿಗೆ ಬಾಳೆದಿಂಡಿನ ತುಂಡು ಕೊಟ್ಟೆ. ಚಪ್ಪರದಲ್ಲಿ ಹಾಗೆ ಮಾಡುವುದು ಎಂದು ನನ್ನ ಗಂಡ ಹೇಳುತ್ತಿದ್ದರು. ಆಗಲೂ ಹಾರಿತು. ಗೋಡೆಯ ಆಚೆ ಹೆಂಗಸರು ಅಡುಗೆಗೆ ಮಸಾಲೆ ಅರೆಯುತ್ತಿದ್ದರು. ಆ ಕಲ್ಲಿನ ಗುಡುಗು ನೆಲದಿಂದ ಮೇಜಿಗೆ, ಮೇಜಿನಿಂದ ಮುಳ್ಳಿಗೆ ಬರುತ್ತಿತ್ತು. ಅರೆಯುವುದನ್ನು ನಿಲ್ಲಿಸಿ ಎಂದು ಮದುವೆ ಮನೆಯಲ್ಲಿ ಹೇಳಲಾಗುತ್ತದೆಯೇ.

ಬ್ಯಾರಿ ಬಾಗಿಲಲ್ಲಿ ನಿಂತಿದ್ದರು. “ನಾಳೆ ಹೀಗೇ ಹಾರಿದ್ರೆ ನಾನು ಮರದಿಂದ ಇಳಿಯುದಿಲ್ಲ ಅಕ್ಕ. ಊಟ ಅಲ್ಲಿಗೇ ಕಳಿಸಿ,” ಎಂದರು.

ಅಜ್ಜಿ ನಕ್ಕರು. ನಾನು ಇನ್ನೊಂದು ಮೂಲೆ ನೋಡುತ್ತಿದ್ದೆ. ಅಲ್ಲಿ ಮದುವೆಯ ಊಟಕ್ಕೆಂದು ತರಿಸಿ, ಅಡುಗೆಗೆ ಕೊಟ್ಟು ಉಳಿದ ಅಕ್ಕಿ ಮುಡಿಗಳಿದ್ದವು. ಬೈಹುಲ್ಲಿನೊಳಗೆ ಅಕ್ಕಿ ತುಂಬಿ, ಹುಲ್ಲಿನ ಹಗ್ಗದಲ್ಲಿ ಬಿಗಿದು, ಹೊಡೆದು ಹೊಡೆದು ಉರುಟು ಮಾಡಿದ ಮುಡಿ. ಒಳಗೆ ಕಲ್ಲಿನಷ್ಟು ಭಾರ, ಹೊರಗೆ ಗುಡುಗು ನುಂಗುವ ಹುಲ್ಲು. ಆದರೆ ಅದು ಮದುವೆಯ ಅಕ್ಕಿ, ಮುಟ್ಟಬೇಕಾದವಳು ಗಂಡ ಸತ್ತ ನಾನು. ಅಜ್ಜಿ ನನ್ನ ಕಣ್ಣು ಹೋದ ಕಡೆ ನೋಡಿದರು.

“ಅದರ ಮೇಲೆ ಇಟ್ರೆ ಆದೀತಾ?” ಎಂದು ಕೇಳಿದರು.

ಆದೀತು ಅಂತ ಕಾಣುತ್ತದೆ ಎಂದೆ.

“ಹಾಗಾದ್ರೆ ಇಡು. ಅಕ್ಕಿ ನಾನೇ ಅಳೆದು ತರಿಸಿದ್ದು. ಯಾರಾದ್ರು ಕೇಳಿದ್ರೆ ನನ್ನ ಹತ್ತಿರ ಕೇಳಲಿ.”

ಬ್ಯಾರಿ ಮುಡಿಗಳನ್ನು ಉರುಳಿಸಿ ತಂದು ಜೋಡಿಸಿದರು. ಉರುಟು ಮುಡಿ ಹೊರಳದ ಹಾಗೆ ಬುಡಕ್ಕೆ ಮಣ್ಣು ಕೊಟ್ಟೆವು. ಮೇಲೆ ಹಲಗೆ ಹಾಸಿ, ಅಜ್ಜಿಯೂ ನಾನೂ ಅದರ ಮೇಲೆ ಕೂತು ಒತ್ತಿದೆವು, ಹುಲ್ಲು ಕುಗ್ಗುವಷ್ಟು ಕುಗ್ಗಿ ನಿಲ್ಲಲಿ ಎಂದು. ಆಮೇಲೆ ಗಿಂಡಿ ಇಟ್ಟು ನೋಡಿ, ಪೆಟ್ಟಿಗೆಯ ಒಂದು ಮೂಲೆಗೆ ಅಡಿಕೆ ಹಾಳೆಯ ಚೂರು ಕೊಟ್ಟೆ. ಮುಳ್ಳು ಇಟ್ಟೆ. ಆಚೆ ಕಲ್ಲು ಗುಡುಗುಡು ಎನ್ನುತ್ತಲೇ ಇತ್ತು. ಹಾಡು ಕೊನೆಯವರೆಗೆ ಹೋಯಿತು. ಇನ್ನೊಂದು ಹಾಕಿದೆ. ಅದೂ ಹೋಯಿತು.

ಮರುದಿನ ಬೆಳಿಗ್ಗೆಯಿಂದ ನಾನು ಆ ಮುಡಿಗಳ ಮುಂದೆ ಕೂತೆ. ಒಂದರಲ್ಲಿ ಹಾಡು ಹೋಗುತ್ತಿರುವಾಗ ಇನ್ನೊಂದಕ್ಕೆ ಕೀ ಕೊಟ್ಟು, ಮುಳ್ಳು ಬದಲಿಸಿ, ಪ್ಲೇಟು ಒರೆಸಿ ಇಡುವುದು. ಕೀ ಕೊಡುವಾಗ ಪಕ್ಕದ್ದು ಅಲುಗದಂತೆ ಎಡಗೈಯಲ್ಲಿ ಹಲಗೆ ಹಿಡಿಯುವುದು. ದಿಬ್ಬಣ ಬಂದದ್ದು ನಾನು ನೋಡಲಿಲ್ಲ, ಗರ್ನಾಲು ಸಿಡಿದದ್ದು ಕೇಳಿತು. ಧಾರೆ ನೋಡಲಿಲ್ಲ, ವಾಲಗ ಏರಿದ್ದು ಕೇಳಿ ಮುಳ್ಳು ಎತ್ತಿದೆ. ವಾಲಗ ಇಳಿದ ಮೇಲೆ ಮತ್ತೆ ಇಟ್ಟೆ. ಅಜ್ಜಿ ಅಡಿಕೆ ಗೋಣಿಯ ಮೇಲೆ ಕೂತು ವೀಳ್ಯ ಜಜ್ಜುತ್ತಿದ್ದರು. ಮೊಮ್ಮಗಳ ಧಾರೆಯ ಹೊತ್ತಿಗೆ ಜಜ್ಜುವುದನ್ನು ನಿಲ್ಲಿಸಿ ಕೈ ಮುಗಿದರು. ವಾಲಗ ಮುಗಿಯುವವರೆಗೆ ಹಾಗೇ ಇದ್ದರು. ಆಮೇಲೆ ಮತ್ತೆ ಜಜ್ಜಿದರು.

ಚಪ್ಪರದಲ್ಲಿ ಮೊದಲ ಪಂಕ್ತಿ ಕೂತಿರುವಾಗ ಭಾವ ಕೊಟ್ಟಿಗೆಯ ಬಾಗಿಲಿಗೆ ಬಂದರು. ಒಳಗೆ ಬರಲಿಲ್ಲ. ಮುಡಿಗಳನ್ನೂ ಪೆಟ್ಟಿಗೆಗಳನ್ನೂ ನೋಡಿದರು. ಹಾಡು ಮುಗಿಯುವವರೆಗೆ ನಿಂತರು. ನಾನು ಇನ್ನೊಂದು ಪೆಟ್ಟಿಗೆಯ ಮುಳ್ಳು ಇಳಿಸಿದೆ.

“ಎಲ್ಲಿಯೂ ಹಾರ್ಲಿಲ್ಲ,” ಎಂದರು.

ನಾನು ಹೌದು ಎಂದೆ.

“ಸುಳ್ಯದವರಿಗೆ ಬೇಡ ಅಂತ ಹೇಳ್ತೇನೆ. ಸೆಟ್ ನಿನ್ನ ಹತ್ತಿರ ಇರಲಿ.”

ಇದನ್ನು ಕೇಳಿದಾಗ ಏನಾದರೂ ಆಗುತ್ತದೆ ಎಂದು ನಾನು ಅಂದುಕೊಂಡಿದ್ದೆ. ಸಂತೋಷ ಆಗದಿದ್ದರೂ ಅಳುವಾದರೂ ಬಂದೀತು ಎಂದು. ಏನೂ ಬರಲಿಲ್ಲ. ಕೈಯಲ್ಲಿ ಮೊಂಡಾದ ಮುಳ್ಳು ಇತ್ತು, ಅದನ್ನು ಡಬ್ಬಿಗೆ ಹಾಕಿ ಹೊಸತು ಹಾಕಿದೆ. ಮನೆಯವರು ಕೊನೆಯ ಪಂಕ್ತಿ ಏಳುವವರೆಗೆ ಹಾಡು ಬೇಕು ಎಂದಿದ್ದರು.

ಭಾವ ಇನ್ನೂ ಹೋಗಿರಲಿಲ್ಲ. ಚಪ್ಪರದಲ್ಲಿ ಕಡಬದ ಕಡೆಯವರೊಬ್ಬರು ಸೆಟ್ ಯಾರದ್ದು ಎಂದು ವಿಚಾರಿಸಿದರಂತೆ. ಮುಂದಿನ ತಿಂಗಳು ಅವರ ಮನೆಯಲ್ಲೂ ಮದುವೆ. ತಮ್ಮನ ಹೆಂಡತಿಯದ್ದು ಎಂದು ಭಾವ ಹೇಳಿದರಂತೆ. ಒಪ್ಪಿಕೊಳ್ಳಬಹುದಾ ಎಂದು ನನ್ನನ್ನು ಕೇಳಿದರು.

ಅವರ ಮನೆಯ ಹಿಂದೆ ಕೊಟ್ಟಿಗೆ ಉಂಟಾ ಎಂದು ಕೇಳಿ ಬನ್ನಿ ಎಂದೆ.