ಪಾಲಾದ ಕಂಪ್ಯೂಟರ್

ಮನೆ ಪಾಲಾದಾಗ ನಮ್ಮ ಬೀದಿಯ ದರ್ಜಿಗೆ ಹಳೇ ಕಂಪ್ಯೂಟರಿನ ಸಿಪಿಯು ಬಂತು, ಅವನಣ್ಣನಿಗೆ ಮಾನಿಟರ್. ಅಂದಿನಿಂದ ಅವರ ನಡುವೆ ಮಾತೂ ಇಲ್ಲ, ಇಬ್ಬರೂ ಸೇರಿ ಆಡುತ್ತಿದ್ದ ಕಾರಿನ ಆಟವೂ ಇಲ್ಲ. ಈಚೆಗೆ ದರ್ಜಿ ಸಿಪಿಯು ಬಿಚ್ಚಿ, ಹಲ್ಲುಜ್ಜುವ ಬ್ರಷ್ಷಿನಿಂದ ತುಕ್ಕು ತಿಕ್ಕಿ, ಅದಕ್ಕೆ ಜೀವ ತಂದ. ನನ್ನ ಗುಜರಿ ಅಂಗಡಿಗೆ ಬಂದು ಮಾನಿಟರ್ ಕೇಳಿದ. ಮೂರಿದ್ದವು.

“ಒಂದೂ ಇಲ್ಲ. ನಿಮ್ಮಣ್ಣನ ಅಟ್ಟದಲ್ಲಿದೆಯಲ್ಲ, ಕೇಳು” ಎಂದೆ.

“ಅವನ ಮುಖ ಯಾರು ನೋಡ್ತಾರೆ?”

“ಮುಖ ಬೇಡ, ಮಾನಿಟರ್ ನೋಡು.”

ಗೊಣಗುತ್ತಲೇ ಹೋದ. ಸಂಜೆ ಅಣ್ಣನೇ ಮಾನಿಟರ್ ಹೊತ್ತು ತಮ್ಮನ ಅಂಗಡಿಗೆ ತಂದ. ಒಂದೇ ಕೀಬೋರ್ಡಿಗೆ ಇಬ್ಬರೂ ಕೈಹಾಕಿದರು.

“ಮೊಣಕೈ ಆಚೆ ತೆಗಿಯೋ!”

“ನೀನು ಮೊದಲು ಹೊಟ್ಟೆ ಒಳಗೆಳ್ಕೋ ಅಣ್ಣ!”

ಮರುದಿನ ಇಬ್ಬರೂ ಜೊತೆಯಾಗಿ ಬಂದು, ಜಾಯ್‌ಸ್ಟಿಕ್ ಇದೆಯಾ ಎಂದರು. ಇತ್ತು. ಅದಕ್ಕೂ ಇಲ್ಲವೆನ್ನಲು ನಾನೇನು ಸನ್ಯಾಸಿಯೇ?