ಮೂವತ್ನಾಲ್ಕರ ಮೇಲೆ ಒಂದು ಗೆರೆ

ಹುನಗುಂದದ ನಮ್ಮ ಓಣಿಯಲ್ಲಿ ಮಹೇಶ್ವರಿಯ ವಯಸ್ಸು ಎಲ್ಲರಿಗೂ ಗೊತ್ತಿತ್ತು. ಮೂವತ್ನಾಲ್ಕು. ಮದುವೆಯಾಗಿ ನಾಲ್ಕು ವರ್ಷವಾದರೂ ಅವಳಿಗೆ ಮಕ್ಕಳಾಗಿರಲಿಲ್ಲ. ಆ ಮಾತು ಎತ್ತಿದವರೆಲ್ಲ ಈ ಸಂಖ್ಯೆಯನ್ನು ಒಮ್ಮೆ ಹೇಳಿಯೇ ಮುಂದಕ್ಕೆ ಹೋಗುತ್ತಿದ್ದರು. ಮೂವತ್ನಾಲ್ಕೇನು ದೊಡ್ಡ ವಯಸ್ಸಲ್ಲ, ನಮ್ಮ ದೊಡ್ಡತ್ತೆ ನಲವತ್ತಕ್ಕೆ ಹಡೆದಳು ಎಂದು ಒಬ್ಬಾಕೆ ಕಟ್ಟೆಯ ಮೇಲೆ ಕುಳಿತು ದಿನವೂ ಧೈರ್ಯ ಹೇಳುತ್ತಿದ್ದಳು. ಆ ದೊಡ್ಡತ್ತೆ ನಲವತ್ತಕ್ಕೆ ಹಡೆದದ್ದು ಎಂಟನೆಯ ಮಗುವನ್ನು ಎಂಬುದನ್ನು ಮಾತ್ರ ಹೇಳುತ್ತಿರಲಿಲ್ಲ. ಅರ್ಧ ಗೊತ್ತಿದ್ದವರು ಕೊಡುವ ಧೈರ್ಯ ಯಾವಾಗಲೂ ಹೀಗೇ ಇರುತ್ತದೆ.

ಮಹೇಶ್ವರಿ ಕಚೇರಿಯೊಂದರಲ್ಲಿ ಜನನ ಮರಣ ನೋಂದಣಿಯ ಗುಮಾಸ್ತೆ. ಮಕ್ಕಳ ಹುಟ್ಟಿದ ದಿನವನ್ನು ತಿದ್ದಿಸಿಕೊಳ್ಳಲು ಜನ ಅವಳ ಕಿಟಕಿಗೆ ಬರುತ್ತಾರೆ. ಎರಡು ವರ್ಷ ಕಡಿಮೆ ಮಾಡಿ ಅನ್ನುತ್ತಾರೆ, ಒಂದು ವರ್ಷ ಹೆಚ್ಚು ಮಾಡಿ ಅನ್ನುತ್ತಾರೆ, ತೂಕಕ್ಕೆ ಬದನೆಕಾಯಿ ಹಾಕಿಸಿಕೊಂಡ ಹಾಗೆ. ಅವಳು ಯಾರಿಗೂ ಮಾಡಿಕೊಡುವುದಿಲ್ಲ. ರಿಜಿಸ್ಟರಿನಲ್ಲಿ ಅವಳ ಕೈಯಿಂದಲೇ ತಪ್ಪು ಬಿದ್ದರೂ ಅದರ ಮೇಲೆ ತಿದ್ದಿ ಬರೆಯುವುದಿಲ್ಲ. ತಪ್ಪಿನ ಮೇಲೆ ಒಂದೇ ಗೆರೆ ಎಳೆದು, ಮೇಲೆ ಸರಿಯಾದದ್ದನ್ನು ಬರೆದು, ಪಕ್ಕದಲ್ಲಿ ಸಹಿ ಹಾಕುತ್ತಾಳೆ. ತಪ್ಪೂ ಕಾಣಬೇಕು, ಸರಿಯೂ ಕಾಣಬೇಕು, ತಿದ್ದಿದವರು ಯಾರೆಂದೂ ಕಾಣಬೇಕು. ಅದು ನಿಯಮ.

ಅವಳ ಗಂಡ ವಿಜಯಮಹಾಂತೇಶನದು ಬೀಜ ಗೊಬ್ಬರದ ಅಂಗಡಿ. ಹತ್ತಿಯ ಬೀಜದ ಪಾಕೀಟು ಕೈಗೆ ಬಂದರೆ ಹಿಂದೆ ತಿರುಗಿಸಿ ಅವಧಿ ಯಾವಾಗ ಮುಗಿಯುತ್ತದೆ, ನೂರಕ್ಕೆ ಎಷ್ಟು ಮೊಳೆಯುತ್ತದೆ ಎಂದು ಓದದೆ ಒಳಗೆ ಇಟ್ಟುಕೊಳ್ಳುವವನಲ್ಲ. ಅವಧಿ ಮುಗಿದ ಬೀಜ ಕೊಟ್ಟ ಕಂಪನಿಯವನನ್ನು ಬಾಗಿಲಲ್ಲೇ ನಿಲ್ಲಿಸಿ ಬೈದದ್ದನ್ನು ಓಣಿಯೇ ಕೇಳಿದೆ. ಅಂಥವನಿಗೆ ಡಾಕ್ಟರು ಒಂದು ಪರೀಕ್ಷೆ ಮಾಡಿಸಿಕೊಳ್ಳಿ ಎಂದಾಗ ತನಗೇನಾಗಿದೆ ಎಂದು ಆಶ್ಚರ್ಯವಾಯಿತು. ಹದಿನೈದು ದಿನಕ್ಕೊಮ್ಮೆ ತಪ್ಪದೆ ಕೂದಲಿಗೆ ಕಪ್ಪು ಹಚ್ಚುತ್ತಾನೆ. ಅವನ ತಾಯಿ ಚಂದವ್ವನ ಪ್ರಕಾರ ಅದು ಬಿಸಿಲಿಗೆ ಬೇಗ ನೆರೆತ ಕೂದಲು. ಬಿಸಿಲು ಈ ಓಣಿಯಲ್ಲಿ ಅವನೊಬ್ಬನ ತಲೆಯ ಮೇಲೇ ಬೀಳುತ್ತದೆ ಎಂದು ನಾವೆಲ್ಲ ನಂಬಬೇಕು.

ಮೂವತ್ನಾಲ್ಕು ಎಂಬ ಸಂಖ್ಯೆ ಹುಟ್ಟಿದ್ದು ಚೊಳಚಗುಡ್ಡದಲ್ಲಿ, ಮಹೇಶ್ವರಿಯ ತವರಿನಲ್ಲಿ. ಅವಳ ತಂದೆ ಕಾಶಪ್ಪ ಅವಳನ್ನು ಸಕಾಲಕ್ಕೆ ಶಾಲೆಗೆ ಕಳಿಸಲಿಲ್ಲ. ಅವಳ ಬೆನ್ನಿಗೆ ಹುಟ್ಟಿದ ಅವಳಿ ಗಂಡುಮಕ್ಕಳನ್ನು ಎತ್ತಿಕೊಳ್ಳಲು ಒಂದು ಸೊಂಟ ಬೇಕಿತ್ತು. ಆ ಹುಡುಗರು ಶಾಲೆಗೆ ಹೋಗುವಂತಾದ ಮೇಲೆ ಇವಳನ್ನೂ ಕರೆದುಕೊಂಡು ಹೋಗಿ ಒಂದನೆಯ ಇಯತ್ತೆಗೆ ಹಚ್ಚಿದ. ಒಂಬತ್ತಾಗುತ್ತ ಬಂದಿದ್ದ ಹುಡುಗಿಗೆ ಐದು ಎಂದು ಬರೆಸಿದ. ಜೂನ್ ಒಂದು, ಸಾವಿರದ ಒಂಬೈನೂರ ತೊಂಬತ್ತು. ಆ ತರಗತಿಯಲ್ಲಿ ಅರ್ಧ ಮಕ್ಕಳು ಜೂನ್ ಒಂದಕ್ಕೇ ಹುಟ್ಟಿದ್ದರು. ಮುಂದೆ ನೌಕರಿಗೆ ಅನುಕೂಲ, ವರ ನೋಡಲೂ ಅನುಕೂಲ ಎಂಬುದು ಕಾಶಪ್ಪನ ಜಾಣತನ. ನೌಕರಿ ಸಿಕ್ಕಿತು. ಆಮೇಲೆ ವರ ನೋಡುವ ಕೆಲಸವನ್ನು ಅವನು ಏಳು ವರ್ಷ ಮುಂದೂಡಿದ, ಏಕೆಂದರೆ ಅವಳಿ ಮಕ್ಕಳ ಓದು ಅವಳ ಪಗಾರದ ಮೇಲೆ ನಡೆದಿತ್ತು. ಕೇಳಿದವರಿಗೆಲ್ಲ ಇನ್ನೂ ಸಣ್ಣಾಕೆ ಅನ್ನುತ್ತಿದ್ದ. ತಾನೇ ಕದ್ದ ವರ್ಷಗಳನ್ನು ತಾನೇ ಮತ್ತೆ ಖರ್ಚು ಮಾಡಿದ ಮನುಷ್ಯನಿಗೆ ಏನೆನ್ನಬೇಕೋ ತಿಳಿಯದು. ಊರಲ್ಲಿ ಅವನಿಗೆ ಮುಂದಾಲೋಚನೆಯ ಮನುಷ್ಯ ಎಂದು ಹೆಸರಿದೆ.

ತನಗೆ ಒಂದೆರಡು ವರ್ಷ ಹೆಚ್ಚಿರಬಹುದು ಎಂದು ಮಹೇಶ್ವರಿಗೆ ಗೊತ್ತಿತ್ತು. ಎಲ್ಲರಿಗೂ ಹಾಗೇ ಇರುತ್ತದೆ ಎಂದು ಬಿಟ್ಟಿದ್ದಳು.

ಹೋದ ವರ್ಷ ದೀಪಾವಳಿ ಮುಗಿದ ಮೇಲೆ ಅವಳು ಗಂಡ, ಅತ್ತೆಯ ಜೊತೆ ಬಾಗಲಕೋಟೆಗೆ ಹೋದಳು. ಡಾಕ್ಟರ್ ಸುನಂದಾ ರಕ್ತದ ವರದಿ ನೋಡಿ, ಹೆಣ್ಣುಮಗಳು ತನ್ನ ಅಂಡಗಳನ್ನೆಲ್ಲ ಹುಟ್ಟುವಾಗಲೇ ತಂದಿರುತ್ತಾಳೆ, ವರ್ಷ ಹೋದಂತೆ ಅವು ಕಡಿಮೆಯಾಗುತ್ತವೆ, ಉಳಿದವುಗಳ ಗುಣವೂ ಇಳಿಯುತ್ತದೆ ಎಂದು ತಾಳ್ಮೆಯಿಂದ ತಿಳಿಸಿದರು. ಮಹೇಶ್ವರಿಯಲ್ಲಿ ಉಳಿದದ್ದು ಕಡಿಮೆಯೇ ಇತ್ತು. ಆದರೆ ವಯಸ್ಸು ಮೂವತ್ನಾಲ್ಕು ಇರುವುದರಿಂದ ಗುಣ ಚೆನ್ನಾಗಿರಬಹುದು, ಆರು ತಿಂಗಳು ಗುಳಿಗೆ ನೋಡೋಣ, ಅಷ್ಟರಲ್ಲಿ ಯಜಮಾನರೂ ಪರೀಕ್ಷೆ ಮಾಡಿಸಲಿ ಎಂದರು. ಬಾಗಿಲ ತನಕ ಬಂದವಳನ್ನು ಕರೆದು ಇನ್ನೊಂದು ಮಾತು ಸೇರಿಸಿದರು.

“ಮೂವತ್ತೈದು ದಾಟಿತ್ತಂದ್ರ ನಾ ಆರು ತಿಂಗಳು ಅಂತಿದ್ದಿಲ್ಲವ್ವ. ಒಂದು ದಿನಾನೂ ಕಾಯಬ್ಯಾಡ ಅಂತಿದ್ದೆ.”

ಬಸ್ಸಿನಲ್ಲಿ ಚಂದವ್ವ ಖುಷಿಯಾಗಿದ್ದಳು. ಅವಸರವಿಲ್ಲ ಎಂಬುದೊಂದೇ ಆಕೆಗೆ ಕೇಳಿಸಿತ್ತು. ವಿಜಯಮಹಾಂತೇಶನಿಗೆ ಆರು ತಿಂಗಳು ಎಂಬುದು ಕೇಳಿಸಿತ್ತು, ಪರೀಕ್ಷೆ ಎಂಬುದು ಕೇಳಿಸಿರಲಿಲ್ಲ. ಹಿಂಗಾರಿ ಬೀಜದ ಹಂಗಾಮು ಮುಗಿಯಲಿ ಎಂದ. ಹುನಗುಂದದಲ್ಲಿ ಒಂದು ಹಂಗಾಮು ಮುಗಿಯುವಷ್ಟರಲ್ಲಿ ಇನ್ನೊಂದು ಬರುತ್ತದೆ.

ಡಾಕ್ಟರ ಕೊನೆಯ ಮಾತು ಮಹೇಶ್ವರಿಯ ಎದೆಯಲ್ಲಿ ಮುಳ್ಳಿನಂತೆ ನಿಂತಿತು. ಬನಶಂಕರಿಗೆ ಐದು ಶುಕ್ರವಾರ ನಡೆದುಕೊಳ್ಳುವುದಾಗಿ ಚಂದವ್ವ ಹರಕೆ ಹೊತ್ತಿದ್ದಳು. ನಡೆಯುವುದು ಸೊಸೆ, ಹೊರುವುದು ಅತ್ತೆ. ಐದನೆಯ ಶುಕ್ರವಾರ ಮಹೇಶ್ವರಿ ರಜೆ ಹಾಕಿ ದೇವಿಗೆ ಕಾಯಿ ಒಡೆಸಿ, ಅಲ್ಲೇ ಪಕ್ಕದ ತವರಿಗೆ ಹೋಗಿ ತಂದೆಯನ್ನು ನೇರವಾಗಿ ಕೇಳಿದಳು. ಕಾಶಪ್ಪ ಸಿಡುಕಿದ. ಹಳೆಯದನ್ನು ಕೆದರಿದರೆ ನೌಕರಿ ಹೋಗುತ್ತದೆ, ಗಂಡನ ಮನೆಯವರು ಹೊರಗೆ ಹಾಕುತ್ತಾರೆ ಎಂದು ಹೆದರಿಸಿದ. “ಬರದದ್ದ ಖರೆ,” ಎಂದು ಎದ್ದು ಹೋದ. ತಾಯಿ ಬಸಲಿಂಗವ್ವ ಪಕ್ಕದ ಮನೆಯ ಕಡೆ ಗದ್ದ ಎತ್ತಿ ತೋರಿಸಿದಳು.

ಪಕ್ಕದ ಮನೆ ಖೈರುನಬಿಯದು. ಕುಳಗೇರಿ ಕ್ರಾಸಿನಲ್ಲಿ ಹೊಲಿಗೆಯ ಅಂಗಡಿ ಇಟ್ಟಿರುವ ಅವಳ ಮಗಳು ತಬಸುಮ ಅಂದು ತವರಿಗೆ ಬಂದಿದ್ದಳು. ತಬಸುಮ, ಮಹೇಶ್ವರಿ ಒಂದೇ ವಾರ ಹುಟ್ಟಿದವರು. ಬಸಲಿಂಗವ್ವನಿಗೆ ಹದಿನೈದು ದಿನ ಹಾಲು ಬಾರದಿದ್ದಾಗ ಖೈರುನಬಿಯೇ ಇಬ್ಬರಿಗೂ ಕುಡಿಸಿದ್ದಳು. ಖೈರುನಬಿಯ ಹೆರಿಗೆ ಕಷ್ಟವಾಗಿ ಬಾದಾಮಿಯ ದವಾಖಾನೆಯಲ್ಲಿ ಆದದ್ದರಿಂದ ಅಲ್ಲಿಯ ಚೀಟಿಯೊಂದು ಅವಳ ಟ್ರಂಕಿನಲ್ಲಿತ್ತು. ತಬಸುಮ ಅದನ್ನು ತಂದು ತೊಡೆಯ ಮೇಲಿಟ್ಟಳು. ಆಗಸ್ಟ್, ಸಾವಿರದ ಒಂಬೈನೂರ ಎಂಬತ್ತಾರು.

“ನನಗ ಮೂವತ್ತೆಂಟು, ನನ್ನ ಮಗಳು ಪಿಯುಸಿ ಅದಾಳ,” ಎಂದಳು ತಬಸುಮ. “ಒಂದ ಮೊಲಿ ಹಾಲು ಕುಡದೀವಿ. ನೀ ಒಬ್ಬಾಕಿ ಹ್ಯಾಂಗ ಮೂವತ್ನಾಕಕ್ಕ ನಿಂತೀ? ನನಗೂ ಆ ಔಷಧ ಹೇಳಿಕೊಡು.”

ಮಹೇಶ್ವರಿ ನಗಲಿಲ್ಲ. ಒಂದೆರಡಲ್ಲ, ನಾಲ್ಕು ವರ್ಷ. ಹೇಳದಿದ್ದರೆ ಗುಳಿಗೆಯಲ್ಲಿ ಆರು ತಿಂಗಳು ಹೋಗುತ್ತದೆ, ಗಂಡನ ಹಂಗಾಮಿನಲ್ಲಿ ಇನ್ನಾರು. ಹೇಳಿದರೆ ಅತ್ತೆಯ ಬಾಯಿಗೆ ಸಾಯುವ ತನಕ ಒಂದು ಮಾತು ಸಿಗುತ್ತದೆ. ಅವಳಿಗೆ ಮಗು ಬೇಕಿತ್ತು. ಚೀಟಿಯನ್ನು ಚೀಲದಲ್ಲಿಟ್ಟುಕೊಂಡು ಸಂಜೆಯ ಬಸ್ಸಿಗೆ ಹೊರಟಳು.

ಸೋಮವಾರವೇ ಮೂವರೂ ಮತ್ತೆ ಬಾಗಲಕೋಟೆಗೆ ಹೋದರು. ಗುಳಿಗೆಯಿಂದ ತಲೆ ತಿರುಗುತ್ತದೆ ಎಂದು ಸುಳ್ಳು ಹೇಳಿ ಅವಳೇ ಕರೆದುಕೊಂಡು ಹೋಗಿದ್ದಳು. ಡಾಕ್ಟರ ಎದುರು ಕುಳಿತು ತನ್ನ ಫೈಲನ್ನು ಕೇಳಿ ತೆಗೆದುಕೊಂಡು, ಮೊದಲ ಪುಟದ ಮೂವತ್ನಾಲ್ಕರ ಮೇಲೆ ಒಂದು ಗೆರೆ ಎಳೆದಳು. ಮೇಲೆ ಮೂವತ್ತೆಂಟು ಎಂದು ಬರೆದಳು. ಪಕ್ಕದಲ್ಲಿ ಸಹಿ ಹಾಕಿ, ತಬಸುಮಳ ಚೀಟಿಯನ್ನು ಮುಂದಿಟ್ಟು, ಹುಟ್ಟಿದ್ದು ಎಂಬತ್ತಾರರಲ್ಲಿ, ಶಾಲೆಯಲ್ಲಿ ಬರೆಸಿದ್ದು ತಪ್ಪು ಎಂದಳು.

ಚಂದವ್ವ ಎದೆ ಮುಟ್ಟಿಕೊಂಡು ಎದ್ದು ನಿಂತಳು.

“ಕೇಳ್ರಿ ಡಾಕ್ಟರಮ್ಮ, ಇಕಿ ಮಾತು ಕೇಳ್ರಿ. ನಾ ಈ ಮನಿಗೆ ಮಗನ್ನ ಹಡದು ನಲವತ್ನಾಕು ವರ್ಷ ಆತು. ಇಷ್ಟು ವರ್ಷದಾಗ ನಮಗ ಒಬ್ಬರೂ ಹಿಂಗ ಮೋಸ ಮಾಡಿದ್ದಿಲ್ಲ.”

ಡಾಕ್ಟರ್ ತಲೆ ಎತ್ತಲಿಲ್ಲ. “ಎಷ್ಟು ಮಂದಿ ಗಂಡುಮಕ್ಕಳ್ರಿ ನಿಮಗ?”

“ಒಬ್ಬನ ರೀ. ಇವನ.”

ಮದುವೆಯ ಮಾತುಕತೆಯಲ್ಲಿ ವರನಿಗೆ ಮೂವತ್ನಾಲ್ಕು ಎಂದು ಹೇಳಿದ್ದರು. ನಾಲ್ಕು ವರ್ಷ ಕೂಡಿಸಿದರೆ ಈಗ ಮೂವತ್ತೆಂಟಾಗಬೇಕು. ಮಾಡಿಸದೇ ಬಿಟ್ಟ ಪರೀಕ್ಷೆಯ ಅರ್ಜಿಯಲ್ಲಿ ಅವನೇ ಬರೆದದ್ದೂ ಅಷ್ಟೇ. ವಿಜಯಮಹಾಂತೇಶ ತಾಯಿಯ ಸೆರಗು ಜಗ್ಗಿ ಕೂರಿಸಿದ. ಆಗಲೇ ಹೊರಬಿದ್ದ ಮಾತು ಕೂರಲಿಲ್ಲ. ಗಂಡಸರ ಬೀಜಕ್ಕೂ ನಲವತ್ತು ದಾಟಿದ ಮೇಲೆ ಬಲ ಇಳಿಯುತ್ತದೆ, ಇಬ್ಬರ ವಯಸ್ಸೂ ಖರೆ ಇರದಿದ್ದರೆ ತಾನು ಕುರುಡಿಯಾಗಿ ಔಷಧ ಕೊಟ್ಟಂತೆ ಎಂದು ಡಾಕ್ಟರ್ ಮೆಲ್ಲಗೆ ಹೇಳಿ, ಅರ್ಜಿಯನ್ನು ಅವನ ಕಡೆ ಸರಿಸಿದರು. ಅವನು ಪೆನ್ನು ಹಿಡಿದು ಮೂವತ್ತೆಂಟನ್ನೇ ದಪ್ಪಗೆ ತೀಡತೊಡಗಿದ. ಮೂರು ನಾಲ್ಕಾಗುವಂತೆ, ಎಂಟು ಮತ್ತೇನೋ ಆಗುವಂತೆ.

ಮಹೇಶ್ವರಿ ಅದನ್ನು ನೋಡಿದಳು. ಕಿಟಕಿಯ ಹಿಂದೆ ಕುಳಿತಾಗಿನ ಧ್ವನಿಯಲ್ಲಿ, “ತಿದ್ದಬ್ಯಾಡ್ರಿ,” ಎಂದಳು. “ಅಡ್ಡ ಒಂದ ಗೆರಿ ಎಳೀರಿ. ಮ್ಯಾಲ ಖರೆ ಬರೀರಿ. ಬಾಜೂಕ ಸಹಿ ಮಾಡ್ರಿ.”

ಅವನು ಹಾಗೇ ಮಾಡಿದ. ನಲವತ್ನಾಲ್ಕು. ಅಂದೇ ಅವನ ಪರೀಕ್ಷೆಯೂ ಆಯಿತು. ಬೀಜದ ಬಲ ಇರಬೇಕಾದುದರ ಅರ್ಧಕ್ಕಿಂತ ಕಡಿಮೆ ಇತ್ತು. ಬೀಜದ ಅಂಗಡಿಯವನು ಆ ವರದಿಯನ್ನು ಹಿಂದೆ ಮುಂದೆ ತಿರುಗಿಸಿ ಮೂರು ಸಲ ಓದಿದನಂತೆ. ಬೈಯಲು ಯಾವ ಕಂಪನಿಯವನೂ ಇರಲಿಲ್ಲ.

ಆರು ತಿಂಗಳ ಗುಳಿಗೆಯ ಮಾತು ಅಲ್ಲಿಗೆ ಮುಗಿಯಿತು. ಮುಂದಿನ ತಿಂಗಳೇ ಪ್ರನಾಳ ಶಿಶುವಿಗಾಗಿ ಇಂಜೆಕ್ಷನ್ ಶುರುವಾದವು. ನಾಲ್ಕು ಅಂಡ ಸಿಕ್ಕವು, ಎರಡು ಭ್ರೂಣವಾದವು. ಮೊದಲನೆಯದು ನಿಲ್ಲಲಿಲ್ಲ. ಮಹೇಶ್ವರಿ ಎರಡು ದಿನ ಮಲಗಿ ಮೂರನೆಯ ದಿನ ಕಚೇರಿಗೆ ಹೋದಳು. ಇನ್ನೊಂದು ಬಾಗಲಕೋಟೆಯಲ್ಲಿ ತಣ್ಣಗೆ ಕಾಯುತ್ತಿದೆ. ಬರುವ ತಿಂಗಳು ಅದರ ಸರದಿ. ಆದೀತು ಎಂದು ಡಾಕ್ಟರ್ ಮಾತು ಕೊಟ್ಟಿಲ್ಲ. ತಡ ಮಾಡಲಿಲ್ಲ ಎಂಬುದಷ್ಟೇ ಅವಳ ಕೈಯಲ್ಲಿದ್ದದ್ದು.

ಚಂದವ್ವ ಈಗ ಕಟ್ಟೆಯ ಮೇಲೆ ಕುಳಿತು ಸೊಸೆ ನಾಲ್ಕು ವರ್ಷ ಮುಚ್ಚಿಟ್ಟು ಬಂದವಳು ಎಂದು ಹೇಳುತ್ತಾಳೆ. ನಲವತ್ತಕ್ಕೆ ಹಡೆದ ದೊಡ್ಡತ್ತೆಯ ಕಥೆ ಹೇಳುತ್ತಿದ್ದಾಕೆಯೇ ಈಗ, ಅದಕ್ಕೇ ಆಗಿಲ್ಲ, ವಯಸ್ಸು ಮೀರಿದೆ ಎಂದು ತಲೆದೂಗುತ್ತಾಳೆ. ಮಗ ಮುಚ್ಚಿಟ್ಟ ಆರು ವರ್ಷಗಳ ಮಾತು ಆ ಕಟ್ಟೆಯ ಮೇಲೆ ಯಾರ ಬಾಯಲ್ಲೂ ಬರುವುದಿಲ್ಲ. ಬಾಗಲಕೋಟೆಯ ಫೈಲಿನಲ್ಲಿ ಮಾತ್ರ ಅದು ಅವನದೇ ಅಕ್ಷರದಲ್ಲಿ, ಒಂದು ಗೆರೆಯ ಮೇಲೆ, ಸಹಿಯ ಸಮೇತ ಇದೆ.