ಪಿಸುಮಾತು ಬಾರದ ದೊಡ್ಡಕ್ಕೋರು

ನಮ್ಮ ದೊಡ್ಡಕ್ಕೋರಿಗೆ ಪಿಸುಮಾತು ಬರುತ್ತಿರಲಿಲ್ಲ. ಯಲಬುರ್ಗಾ ಕಡೆ ಶಾಲೆಯಲ್ಲಿ ಪಾಠ ಹೇಳುವ ಹೆಂಗಸರಿಗೆಲ್ಲ ‘ಅಕ್ಕೋರು’ ಅನ್ನುತ್ತಾರೆ. ಬಸಮ್ಮನವರು ಮುಖ್ಯಗುರುಗಳು, ಹಾಗಾಗಿ ದೊಡ್ಡಕ್ಕೋರು. ನಾನು ಅವರ ಕೈಕೆಳಗೆ ಹಿಂದಿ ಕಲಿಸುತ್ತಿದ್ದೆ. “ಇದು ನಮ್ಮ ನಮ್ಮೊಳಗ ಇರ್ಲಿರಿ” ಎಂದು ಅವರು ಶುರುಮಾಡಿದರೆ ಬಿಸಿಯೂಟದ ಕೋಣೆಯಲ್ಲಿ ಸಾರು ತಿರುವುವವರಿಗೂ ಕೇಳುತ್ತಿತ್ತು, ಹೊರಗೆ ಕುರಿ ಹೊಡೆದುಕೊಂಡು ಹೋಗುವವರಿಗೂ ಕೇಳುತ್ತಿತ್ತು.

ಶನಿವಾರ ಪ್ರಾರ್ಥನೆ ಮುಗಿದ ಮೇಲೆ ಅವರದೊಂದು ಪಾಠ. “ಯಾರರ ಮೈ ಮುಟ್ಟಿದ್ದು ನಿಮಗ ಸರಿ ಅನಿಸ್ಲಿಲ್ಲಂದ್ರ ಏನಂತೀರಿ?” ಮಕ್ಕಳೆಲ್ಲ “ಬ್ಯಾಡಾ!” ಎಂದು ಕಿರುಚಬೇಕು. “ಏನ್, ಉಂಡಿಲ್ಲೇನ? ಇನ್ನೂ ಜೋರ!” ನಾವು ಉಳಿದ ಅಕ್ಕೋರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದೆವು.

ಎಂಟನೇ ತರಗತಿಯ ಒಂದು ಹುಡುಗಿ ಗಂಟೆ ಬಾರಿಸಿದ ಮೇಲೂ ಮನೆಗೆ ಹೋಗದೆ ಕ್ಲಾಸು ಗುಡಿಸುತ್ತಿದ್ದಳು. ಗುಡಿಸಿದ್ದನ್ನೇ ಮತ್ತೆ ಗುಡಿಸುತ್ತಿದ್ದಳು. ಛಲೋ ಹುಡುಗಿ, ಮೈಗಳ್ಳಿಯಲ್ಲ ಎಂದು ನಾವು ಹೊಗಳಿದ್ದೇ ಹೊಗಳಿದ್ದು. ದೊಡ್ಡಕ್ಕೋರು ಮಾತ್ರ ಕಸಬರಿಗೆ ಇಸಿದುಕೊಂಡು ಆಕೆಯನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಮನೆಗೆ ಬಂದು ಉಳಿದಿದ್ದ ಸೋದರಮಾವ, ತಾಯಿ ಕೂಲಿಯಿಂದ ಬರುವುದರೊಳಗೆ ಏನು ಮಾಡುತ್ತಾನೆಂದು ಹುಡುಗಿ ಹೇಳಿದಳು. ಅಂದು ಸಂಜೆಯೇ ದೊಡ್ಡಕ್ಕೋರು ಪೊಲೀಸರಿಗೆ ತಿಳಿಸಿದರು. ಹುಡುಗಿಯ ಹೆಸರು ನಾನು ಬರೆಯುವುದಿಲ್ಲ, ಬರೆಯಲೂಬಾರದು. ಯಾರು ಎಷ್ಟು ಕೆದಕಿದರೂ ಆ ದೊಡ್ಡ ಬಾಯಿಯಿಂದ ಅದೊಂದು ಹೆಸರು ಹೊರಬೀಳಲಿಲ್ಲ.

ಮರುದಿನ ತಾಯಿ ಎದೆ ಬಡಿದುಕೊಳ್ಳುತ್ತ ಬಂದಳು. “ನನ್ನ ಒಡಹುಟ್ಟಿದ ತಮ್ಮರೀ ಅಕ್ಕೋರ! ಹೆಂಗೂ ಹುಡುಗಿನ್ನ ಅವಗ ಕೊಡೂದಂತ ಮಾತಾಗೇತಿ. ನಮ್ಮ ಮನಿ ಯಾಕ ಮುರಿದ್ರಿ?” ಆಕೆಯ ಹಿಂದೆಯೇ ದೈವದವರು ಬಂದರು. ಊರ ಹಿರಿಯರು ಕೂಡಿದರೆ ನಮ್ಮ ಕಡೆ ‘ದೈವ’ ಅನ್ನುತ್ತಾರೆ. ಅವರಲ್ಲೊಬ್ಬರು, “ಸೋದರಮಾವಗ ಹಕ್ಕೈತ್ರೀ. ಕಟ್ಟಿ ಮ್ಯಾಲ ಕುಂತು ನಾವ ಬಗೀಹರಸ್ತೀವಿ. ಕಂಪ್ಲೇಂಟ್ ವಾಪಸ್ ತಗೋರಿ” ಎಂದರು.

“ಹಕ್ಕ? ಎರಡು ಜಡಿ ಹಾಕ್ಕೊಂಡು ಸಾಲಿಗೆ ಬರೂ ಕೂಸಿನ ಮ್ಯಾಲ ಯಾವ ಹಕ್ರೀ? ಈಗ ಲಗ್ನ ಮಾಡಿದ್ರ ಅದೂ ಗುನ್ನೇನ. ಗೊತ್ತಿದ್ದೂ ಸುಮ್ನ ಕುಂತ್ರ ನಾನೂ ಜೇಲಿಗೆ ಹೋಗಾಕಿ. ಈಗ ನಿಮಗೂ ಗೊತ್ತಾತಲ್ಲ? ಮುಚ್ಚಿಹಾಕಾಕ ಬಂದಿದ್ರಂತ ನಿಮ್ಮ ಹೆಸರೂ ಹೇಳ್ಲೇನು?”

ಹಿರಿಯರು ಟವೆಲ್ಲು ಕೊಡವಿ ಎದ್ದರು. “ಏನ್ ಬಾಯಿ ಐತೋ ಮಾರಾಯಾ ಈ ಹೆಣ್ಮಗಳದು” ಎಂದು ಒಬ್ಬರು ಗೊಣಗಿದರು. ಆ ಬಾಯಿ ಇದ್ದದ್ದೇ ಪುಣ್ಯ, ಬಿಡಿ! ತಾಯಿ ಮಾತ್ರ ಅಂಗಳದಲ್ಲಿ ನಿಂತು ಮಣ್ಣು ತೂರಿ ಶಾಪ ಹಾಕಿ ಹೋದಳು. ದೊಡ್ಡಕ್ಕೋರು ಆ ದಿನ ಊಟ ಮಾಡಲಿಲ್ಲ. “ಹೆತ್ತಾಕಿ ಅಕಿ. ಹೊಟ್ಟಿ ಉರಿದೈತಿ, ಬೈಯ್ಲಿ” ಅಂದರು.

ಸೋದರಮಾವ ಜೈಲು ಸೇರಿದ. ಹುಡುಗಿ ಗಂಗಾವತಿಯಲ್ಲಿ ಹಾಸ್ಟೆಲ್ಲಿಗೆ ಸೇರಿ ಓದು ಮುಂದುವರಿಸಿದಳು. ದೊಡ್ಡಕ್ಕೋರ ನಿವೃತ್ತಿಯ ದಿನ ಅದೇ ತಾಯಿ ಕಿರಿಮಗಳ ಕೈಹಿಡಿದು ಬಾಗಿಲಲ್ಲಿ ನಿಂತಿದ್ದಳು. “ಇಕೀನೂ ಇದ ಸಾಲಿಗೆ ಹಚ್ಚೀನ್ರೀ. ನೀವು ಹೋದ್ರ ಯಾರಿಗೆ ಹೇಳಬೇಕ್ರಿ?” ಕೊರಳಿಗೆ ಹಾರ ಹಾಕಿಸಿಕೊಂಡಿದ್ದ ದೊಡ್ಡಕ್ಕೋರು ನಮ್ಮತ್ತ ಕೈ ತೋರಿಸಿದರು: “ಇಷ್ಟು ಮಂದಿ ಅದಾರಲ್ಲವಾ! ಸುಮ್ನ ಕುಂತ್ರ ಇವರಿಗೂ ಜೇಲ.” ಎಲ್ಲರೂ ನಕ್ಕೆವು. ತಾಯಿ ನಗಲಿಲ್ಲ, ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದಳು.

ಹೋದ ವರ್ಷ ದೊಡ್ಡಕ್ಕೋರು ತೀರಿಕೊಂಡರು. ಅವರೂರು ಕುಕನೂರಿಗೆ ಹೋಗಿ ಮಣ್ಣು ಕೊಟ್ಟು ಬಂದೆವು. ಅವರಿಲ್ಲದ ಶಾಲೆ ತಣ್ಣಗಾಗಿದೆ, ನನಗದು ಸೇರುವುದಿಲ್ಲ.

ಮೊನ್ನೆ ಆರನೇ ತರಗತಿಯ ಹುಡುಗಿಯೊಬ್ಬಳು ನನ್ನ ಹತ್ತಿರ ಬಂದು, “ಅಕ್ಕೋರ, ಒಂದು ಮಾತೈತ್ರಿ” ಎಂದಳು. ಹಳೆಯ ರೂಢಿಯಂತೆ ಆಫೀಸಿನ ಕಡೆ ತಿರುಗಿದೆ. ದೊಡ್ಡಕ್ಕೋರು ಇಲ್ಲವಲ್ಲ.

“ಹೇಳವಾ, ನಾನದೀನಿ” ಎಂದೆ.